ಲೆಕ್ಕಕ್ಕೇ ಸಿಗದ ಮೇಷ್ಟ್ರುಗಳು

ನಮ್ಮ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಮೇಷ್ಟ್ರು ಈಗ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಲೆಕ್ಕ ಬರೆಯುತ್ತಾರೆ. ಹದಿನಾಲ್ಕು ವರ್ಷ ಪಾಠ ಮಾಡಿದವರು. ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದೇವೆ ಎಂದು ಹೇಳುವ ಒಂದು ಕಾಗದವೂ ಅವರ ಹತ್ತಿರ ಇಲ್ಲ. 2025-26ನೇ ಸಾಲಿನ ಅತಿಥಿ ಉಪನ್ಯಾಸಕರ ಪಟ್ಟಿ ಬಂತು, ಅದರಲ್ಲಿ ಅವರ ಹೆಸರು ಇರಲಿಲ್ಲ. ಅಷ್ಟೇ.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೆ. 2025ರ ಮೇ ತಿಂಗಳಲ್ಲಿ ನಿವೃತ್ತಿಯಾದೆ. ಸೇವೆಯಲ್ಲಿದ್ದಾಗ ಇದನ್ನೆಲ್ಲ ಹೀಗೆ ಬರೆಯಲು ಆಗುತ್ತಿರಲಿಲ್ಲ, ನಡತೆ ನಿಯಮಗಳು ಅಡ್ಡ ಬರುತ್ತಿದ್ದವು. ಈಗ ಬರೆಯಬಹುದು. ಕಾಲೇಜಿನ ಹೆಸರು ಮಾತ್ರ ಹಾಕುವುದಿಲ್ಲ. ಅಲ್ಲಿ ಇನ್ನೂ ಕೆಲಸ ಮಾಡುತ್ತಿರುವವರಿಗೆ ತೊಂದರೆ ಆಗಬಾರದು. ಪಾವಗಡ, ಮಧುಗಿರಿ, ಶಿರಾ, ಗುಬ್ಬಿ, ಯಾವ ಕಡೆಯ ಸ್ಟಾಫ್ ರೂಮಿಗೆ ಹೋದರೂ ಇದೇ ಮಾತು ಕಿವಿಗೆ ಬೀಳುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ವರ್ಷ ಕಾಲೇಜಿನಿಂದ ಇಲಾಖೆಗೆ ವರ್ಕ್‌ಲೋಡ್ ಪಟ್ಟಿ ಹೋಗುತ್ತದೆ. ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಗಂಟೆ ಪಾಠ ಇದೆ, ಕಾಯಂ ಅಧ್ಯಾಪಕರು ಅದರಲ್ಲಿ ಎಷ್ಟು ಮಾಡುತ್ತಾರೆ, ಉಳಿಯುವುದು ಎಷ್ಟು. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ. ಅದನ್ನು ಕಳೆದು ಉಳಿದ ಗಂಟೆಗಳಿಗೆ ಅತಿಥಿ ಉಪನ್ಯಾಸಕರು ಬರುತ್ತಾರೆ. ಮೊದಲು ಅವರಿಗೆ ವಾರಕ್ಕೆ 8ರಿಂದ 10 ಗಂಟೆ ಪಾಠ ಇರುತ್ತಿತ್ತು, ತಿಂಗಳಿಗೆ 11ರಿಂದ 13 ಸಾವಿರ ಗೌರವಧನ. 2022ರ ಜನವರಿಯಲ್ಲಿ ಅರ್ಹತೆ ಮತ್ತು ಅನುಭವ ನೋಡಿ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿದರು. ಬಹಳ ಒಳ್ಳೆಯ ಕೆಲಸ, ನಾವೆಲ್ಲ ಖುಷಿಪಟ್ಟೆವು. ಆದರೆ ಅದೇ ಆದೇಶದಲ್ಲಿ ವಾರಕ್ಕೆ 15 ಗಂಟೆ ಪಾಠ ಎಂದೂ ಇತ್ತು. ಕಾಲೇಜಿನಲ್ಲಿ ಇರುವ ಪಾಠದ ಗಂಟೆ ಮೊದಲಿನಷ್ಟೇ. ಒಬ್ಬೊಬ್ಬರ ಪಾಲು ಹೆಚ್ಚಿತು. ಹಾಗಾಗಿ ಇಬ್ಬರು ಹಂಚಿಕೊಂಡಿದ್ದ ಕೆಲಸಕ್ಕೆ ಒಬ್ಬರೇ ಸಾಕಾಯಿತು. ಇನ್ನೊಬ್ಬರು ಮನೆಗೆ ಹೋದರು. ಗೌರವಧನ ಹೆಚ್ಚಿದ ಸುದ್ದಿ ಎಲ್ಲ ಪೇಪರುಗಳಲ್ಲೂ ಬಂತು. ಮನೆಗೆ ಹೋದವರ ಲೆಕ್ಕ ಎಲ್ಲೂ ಬರಲಿಲ್ಲ.

ನಾನು ಇಷ್ಟು ಉದ್ದ ಬರೆಯುತ್ತಿರುವುದು ಈ ಲೆಕ್ಕಕ್ಕಾಗಿಯೇ. ಕಾಯಂ ನೌಕರನನ್ನು ತೆಗೆಯಬೇಕಾದರೆ ನೋಟಿಸು ಬೇಕು, ವಿಚಾರಣೆ ಬೇಕು, ಕಾರಣ ಬರೆಯಬೇಕು. ಅತಿಥಿ ಉಪನ್ಯಾಸಕರಿಗೆ ಅದ್ಯಾವುದೂ ಇಲ್ಲ. ಅವಧಿ ಮುಗಿಯಿತು, ಬಿಡುಗಡೆ ಮಾಡಿದರು, ಮುಂದಿನ ಸಲ ಕರೆಯಲಿಲ್ಲ. ಸರ್ಕಾರದ ಯಾವ ವರದಿಯಲ್ಲೂ ಇಷ್ಟು ಜನರನ್ನು ತೆಗೆದೆವು ಎಂಬ ಸಾಲು ಇರುವುದಿಲ್ಲ.

ಮೇಷ್ಟ್ರ ಬಗ್ಗೆ ಸ್ವಲ್ಪ ಹೇಳಬೇಕು. ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಅವರ ಊರು ಪಾವಗಡದ ಕಡೆ. ಅಪ್ಪನದು ಮಳೆ ನಂಬಿದ ಕಡಲೆಕಾಯಿ ಹೊಲ. ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ಇವರೇ ಮೊದಲಿಗರು. ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು. ಬಿ.ಎಲ್. ರೈಸ್ ಅದನ್ನು 1904ರಲ್ಲಿ ಹೊರತಂದರು. ಮೇಷ್ಟ್ರ ಹತ್ತಿರ ಅದರ ಜೆರಾಕ್ಸ್ ಪ್ರತಿ ಇತ್ತು. ಬೈಂಡು ಕಿತ್ತುಹೋಗಿ, ಹಾಳೆಗಳನ್ನು ದಾರದಲ್ಲಿ ಕಟ್ಟಿಕೊಂಡಿದ್ದರು. ಬಿಎ ಮೊದಲ ವರ್ಷದ ಹುಡುಗರು ಬಂದ ವಾರದಲ್ಲೇ ಒಬ್ಬೊಬ್ಬರನ್ನೂ ಊರು ಯಾವುದು ಎಂದು ಕೇಳುತ್ತಿದ್ದರು. ಊರ ಹೆಸರು ಸಂಪುಟದಲ್ಲಿ ಸಿಕ್ಕರೆ ಆ ಶಾಸನ ತೆಗೆದು ಜೋರಾಗಿ ಓದಿ, ಅರ್ಥ ಹೇಳಿ, "ಈ ಕಲ್ಲು ಈಗಲೂ ನಿಮ್ಮೂರಲ್ಲಿ ಇದೆಯಾ, ಭಾನುವಾರ ನೋಡ್ಕೊಂಡು ಬಾ, ಒಂದು ಫೋಟೋ ತಗೊಂಡು ಬಾ" ಎಂದು ಕಳಿಸುತ್ತಿದ್ದರು.

ಒಂದು ಸಲ ಒಬ್ಬ ಹುಡುಗ ಬಂದು, "ಸಾರ್, ಕಲ್ಲು ಇದೆ, ಆದ್ರೆ ನಮ್ಮಜ್ಜಿ ಅದರ ಮೇಲೆ ಬಟ್ಟೆ ಒಗೀತಾರೆ" ಎಂದ. ಮೇಷ್ಟ್ರು ಬೈಯಲಿಲ್ಲ. ಮುಂದಿನ ಭಾನುವಾರ ತಾವೇ ಬೈಕ್ ಹತ್ತಿಕೊಂಡು ಆ ಊರಿಗೆ ಹೋದರು. ಅಜ್ಜಿಗೆ ಕಲ್ಲಿನಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದರು. ಯಾರೋ ದೇವಸ್ಥಾನಕ್ಕೆ ಭೂಮಿ ಬಿಟ್ಟುಕೊಟ್ಟ ವಿಷಯ ಅದು. ಆ ಕಲ್ಲು ಈಗ ಊರ ಗುಡಿಯ ಪಕ್ಕ ನಿಂತಿದೆ. ಆ ಹುಡುಗ ಆಮೇಲೆ ಎಂ.ಎ.ಗೆ ಇತಿಹಾಸವನ್ನೇ ತೆಗೆದುಕೊಂಡ. ಶಿರಾದ ಮಲಿಕ್ ರಿಹಾನ್ ಗೋರಿಗೆ, ನಿಡಗಲ್ಲು ದುರ್ಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಊಟದ ಖರ್ಚು ಮೇಷ್ಟ್ರ ಜೇಬಿನದೇ. ರಜೆಯ ತಿಂಗಳುಗಳಲ್ಲಿ ಗೌರವಧನವೇ ಇಲ್ಲದ ಮನುಷ್ಯ ಇದನ್ನೆಲ್ಲ ಮಾಡುತ್ತಿದ್ದರು. ನನ್ನ ಸೇವೆಯಲ್ಲಿ ಇಂಥ ಅಧ್ಯಾಪಕರನ್ನು ಕಾಯಂ ಆದವರಲ್ಲಿ ಕೂಡ ನಾನು ನೋಡಿದ್ದು ಕಡಿಮೆ.

ಅವರಿಗೆ ಕೆ-ಸೆಟ್, ಅಂದರೆ ಅಧ್ಯಾಪಕರಾಗಲು ಬೇಕಾದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ, ಆಗಿರಲಿಲ್ಲ, ಪಿಎಚ್‌ಡಿ ಮುಗಿದಿರಲಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿಯ ಜೊತೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಇಲ್ಲವೇ ಪಿಎಚ್‌ಡಿ ಬೇಕು. ಹೈಕೋರ್ಟ್ ಆದೇಶದ ನಂತರ 2025-26ಕ್ಕೆ ಈ ಅರ್ಹತೆ ಇದ್ದವರನ್ನು ಮಾತ್ರ ತೆಗೆದುಕೊಳ್ಳುವುದು ಎಂದಾಯಿತು. ರಾಜ್ಯದಲ್ಲಿ ಸಾವಿರಾರು ಜನ ಹೊರಗುಳಿದರು. ಮೇಷ್ಟ್ರು ಆ ದಿನ ಫೋನ್ ಮಾಡಿ, "ಮೇಡಂ, ಈ ಸಲ ನನ್ನ ಹೆಸರು ಬರಲ್ಲ ಅನ್ಸುತ್ತೆ" ಎಂದರು. ಆಮೇಲೆ ಬಹಳ ಹೊತ್ತು ಮಕ್ಕಳ ಸಿಲಬಸ್ ಬಗ್ಗೆ ಮಾತಾಡಿದರು. ಎರಡನೇ ಸೆಮಿಸ್ಟರ್‌ನ ಯಾವ ಘಟಕ ಕಷ್ಟ, ಹೊಸಬರು ಯಾರಾದರೂ ಬಂದರೆ ಯಾವ ನೋಟ್ಸ್ ಕೊಡಬೇಕು, ಅದೇ ಮಾತು.

ಅರ್ಹತೆ ಬೇಡ ಎಂದು ನಾನು ಹೇಳುವುದಿಲ್ಲ. ನೆಟ್ ಮಾಡಿಕೊಂಡು, ಪಿಎಚ್‌ಡಿ ಮುಗಿಸಿ ಕೆಲಸವಿಲ್ಲದೆ ಕೂತ ಹುಡುಗ ಹುಡುಗಿಯರು ನನ್ನ ಶಿಷ್ಯರಲ್ಲೇ ಇದ್ದಾರೆ. ಅವರಿಗೂ ನ್ಯಾಯ ಬೇಕು. ಈಗ ಮೇಷ್ಟ್ರ ಜಾಗಕ್ಕೆ ಬಂದಿರುವ ತರುಣರು ಚೆನ್ನಾಗಿ ಓದಿಕೊಂಡವರು, ಅವರ ಮೇಲೆ ನನಗೆ ಒಂದು ದೂರೂ ಇಲ್ಲ. ಆದರೆ ಹದಿನಾಲ್ಕು ವರ್ಷ ಇದೇ ಮನುಷ್ಯನಿಂದ ಪಾಠ ಮಾಡಿಸಿ, ಪರೀಕ್ಷೆ ಕೆಲಸ ಮಾಡಿಸಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ರಾತ್ರಿ ಎಲ್ಲ ಕೂರಿಸಿ ಫೈಲು ಬರೆಸಿ, ಒಂದು ಬೆಳಿಗ್ಗೆ ನೀನು ಅರ್ಹನಲ್ಲ ಎನ್ನುವುದು ಯಾವ ಲೆಕ್ಕ? ಅವರಿಗೆ ಮೂರು ವರ್ಷ ಸಮಯ ಕೊಟ್ಟು, ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಹುಡುಕಿಕೊಟ್ಟು, ಆಮೇಲೆ ಕೇಳಬಹುದಿತ್ತು. ಅವರು ಅಷ್ಟು ವರ್ಷ ದುಡಿಯುವಾಗ ಯಾರೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿರಲಿಲ್ಲ. ಮತ್ತೆ, ಹೊಸದಾಗಿ ಬಂದ ಅರ್ಹರಿಗೂ ಇದೇ ಗತಿ ತಾನೇ? ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ಅವರಿಗೆ ಇದೇ ಕಾಲೇಜು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಪಾಠದ ಗಂಟೆ ಕಡಿಮೆಯಾದರೆ ಎಲ್ಲೂ ಸಿಗದೆ ಹೋಗಬಹುದು.

ಈಗ ದುಡ್ಡಿನ ವಿಷಯ. ನಾನು ಕಲಿತ ವಿದ್ಯೆ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಸದಾಗಿ ಸೇರುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಹನ್ನೆರಡು ತಿಂಗಳ ಸಂಬಳ. ಅತಿಥಿ ಉಪನ್ಯಾಸಕರಿಗೆ 2024ರ ಹೆಚ್ಚಳದ ನಂತರವೂ, 15 ವರ್ಷಕ್ಕಿಂತ ಜಾಸ್ತಿ ಅನುಭವ ಮತ್ತು ಪೂರ್ತಿ ಅರ್ಹತೆ ಇದ್ದರೆ 40 ಸಾವಿರ, ಅದೂ ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ. ಒಂದು ಹುದ್ದೆ ಖಾಲಿ ಬಿಟ್ಟು ಅಲ್ಲಿ ಅತಿಥಿ ಉಪನ್ಯಾಸಕರನ್ನು ಕೂರಿಸಿದರೆ ವರ್ಷಕ್ಕೆ ಸರ್ಕಾರಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಬಜೆಟ್‌ನಲ್ಲಿ ಎಲ್ಲೂ ಶಿಕ್ಷಣಕ್ಕೆ ಕತ್ತರಿ ಹಾಕಿದ್ದೇವೆ ಎಂದು ಬರೆಯಬೇಕಾಗಿಲ್ಲ. ಹುದ್ದೆ ತುಂಬದಿದ್ದರೆ ಸಾಕು, ಕತ್ತರಿ ಬಿದ್ದಂತೆಯೇ. ಯುಜಿಸಿ 2019ರಲ್ಲಿ ಹೇಳಿದ್ದೇ ಬೇರೆ. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50 ಸಾವಿರ, ಮತ್ತು ಇಂಥ ಅಧ್ಯಾಪಕರು ಮಂಜೂರಾದ ಹುದ್ದೆಗಳ 20 ಶೇಕಡಕ್ಕಿಂತ ಹೆಚ್ಚಿರಬಾರದು. ನಮ್ಮಲ್ಲಿ ವಾರಕ್ಕೆ 15 ಗಂಟೆ ಎಂದರೆ ತಿಂಗಳಿಗೆ 60 ಪಾಠ. ಪಾಠಕ್ಕೆ 1,500ರಂತೆ 90 ಸಾವಿರ ಆಗುತ್ತದೆ. ಮಿತಿ ಹಾಕಿದರೂ 50 ಸಾವಿರ ಕೊಡಬೇಕು. 20 ಶೇಕಡದ ಮಾತಂತೂ ಕೇಳಲೇಬೇಡಿ. ನಾನು ನಿವೃತ್ತಿಯಾಗುವ ಹೊತ್ತಿಗೆ ನಮ್ಮ ಕಲಾ ವಿಭಾಗದಲ್ಲಿ ಕಾಯಂ ಇದ್ದವರಿಗಿಂತ ಅತಿಥಿ ಉಪನ್ಯಾಸಕರೇ ಹೆಚ್ಚಿದ್ದರು.

ಹುದ್ದೆ ತುಂಬುವುದು ಎಷ್ಟು ನಿಧಾನ ಎಂದರೆ, 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರಿಗೆ ಅರ್ಜಿ ಕರೆದರು. 2022ರ ಮಾರ್ಚ್‌ನಲ್ಲಿ ಪರೀಕ್ಷೆ ಆಯಿತು. ಆಯ್ಕೆಯಾದವರು ಕಾಲೇಜಿಗೆ ಬಂದು ಪಾಠ ಶುರುಮಾಡುವಷ್ಟರಲ್ಲಿ ಪರೀಕ್ಷೆಯ ವರ್ಷ ಸೇರಿದ ಮಕ್ಕಳು ಡಿಗ್ರಿಯ ಕೊನೆಗೆ ಬಂದಿದ್ದರು. ಅಷ್ಟರಲ್ಲಿ ಎಷ್ಟು ಜನ ನಿವೃತ್ತಿಯಾದರೋ. ನಡುವೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಡಿಗ್ರಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಹೋಯಿತು. ಸಿಲಬಸ್ ಬದಲಾದಾಗಲೆಲ್ಲ ಗಂಟೆಗಳು ಬದಲಾದವು. ಗಂಟೆ ಬದಲಾದಾಗಲೆಲ್ಲ ಯಾರದೋ ಅನ್ನ ಹೋಯಿತು.

ವಿಶ್ವವಿದ್ಯಾಲಯಗಳ ಕಷ್ಟ ಇನ್ನೊಂದು ಥರ. ಅಲ್ಲಿ ಕಾಯಂ ಅಧ್ಯಾಪಕರ ಸಂಬಳಕ್ಕೆ ಸರ್ಕಾರದ ಅನುದಾನ ಬರುತ್ತದೆ. ಅತಿಥಿ ಉಪನ್ಯಾಸಕರಿಗೆ ಹೆಚ್ಚಾಗಿ ವಿಶ್ವವಿದ್ಯಾಲಯದ ಸ್ವಂತ ಆದಾಯದಿಂದಲೇ ಕೊಡಬೇಕು. ಆ ಆದಾಯ ಎಂದರೆ ಮುಖ್ಯವಾಗಿ ಕಾಲೇಜುಗಳ ಸಂಯೋಜನೆ ಶುಲ್ಕ ಮತ್ತು ಮಕ್ಕಳ ಪರೀಕ್ಷಾ ಶುಲ್ಕ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮತ್ತೆ ಮೂರು ಮಾಡಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುಮಾಡಿದರು. ಮಕ್ಕಳಿಗೆ ಹತ್ತಿರವಾಯಿತು, ಅದು ನಿಜವಾದ ಲಾಭ. ನಮ್ಮ ಕಾಲದಲ್ಲಿ ಒಂದು ಅಂಕಪಟ್ಟಿಗೆ ಬೆಂಗಳೂರಿನ ಜ್ಞಾನಭಾರತಿಗೆ ಹೋಗಿ ದಿನಗಟ್ಟಲೆ ಕಾಯಬೇಕಿತ್ತು. ಆದರೆ ಒಂದು ವಿಶ್ವವಿದ್ಯಾಲಯ ಒಡೆದಾಗ ಕಾಲೇಜುಗಳು ಹಂಚಿಹೋಗುತ್ತವೆ, ಶುಲ್ಕವೂ ಹಂಚಿಹೋಗುತ್ತದೆ. ಹಳೆಯ ಪಿಂಚಣಿಯ ಹೊರೆ ಮಾತ್ರ ತಾಯಿ ವಿಶ್ವವಿದ್ಯಾಲಯದ ತಲೆ ಮೇಲೆ ಉಳಿಯುತ್ತದೆ. ಹಾಸನ, ಮಂಡ್ಯ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ ಎಂದು ಇತ್ತೀಚೆಗೆ ಒಂದೇ ಸಲಕ್ಕೆ ಅಷ್ಟೊಂದು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಅವುಗಳೂ ಸೇರಿ 9ನ್ನು ಮುಚ್ಚುವ ಮಾತಾಡಿತು. ದುಡ್ಡಿಲ್ಲ ಎಂಬುದೇ ದೊಡ್ಡ ಕಾರಣ. ತೆರೆಯುವಾಗ ದುಡ್ಡು, ಹುದ್ದೆ ಎಲ್ಲಿಂದ ಬರುತ್ತದೆ ಎಂದು ನೋಡಿದ್ದರೆ ಅಲ್ಲಿ ಸೇರಿದ ಮಕ್ಕಳಿಗೆ ಈ ಭಯ ಬರುತ್ತಿತ್ತಾ?

ಅಮೆರಿಕದಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಎಂಬ ಸಾರ್ವಜನಿಕ ವಿಶ್ವವಿದ್ಯಾಲಯ ಇದೆ. ಅಲ್ಲಿ ಸುಮಾರು 45 ಮಿಲಿಯನ್ ಡಾಲರ್ ಕೊರತೆ ಬಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿ ಮತ ಹಾಕಿ 28 ಕೋರ್ಸುಗಳನ್ನು, 143 ಅಧ್ಯಾಪಕ ಹುದ್ದೆಗಳನ್ನು ತೆಗೆಯಿತು. ವಿದೇಶಿ ಭಾಷೆಗಳ ವಿಭಾಗಕ್ಕೆ ದೊಡ್ಡ ಪೆಟ್ಟು ಬಿತ್ತು. ಅದು ಸರಿಯಾದ ತೀರ್ಮಾನ ಎಂದು ನನಗೆ ಅನ್ನಿಸುವುದಿಲ್ಲ. ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದ್ದು ಸರಿಯೇ. ಆದರೆ 143 ಎಂಬ ಒಂದು ಅಂಕಿ ಅಲ್ಲಿ ಇದೆ. ಯಾವ ವಿಭಾಗದಿಂದ ಎಷ್ಟು ಜನ ಎಂದು ಎಲ್ಲರಿಗೂ ಗೊತ್ತಾಯಿತು, ಅದನ್ನು ಹಿಡಿದು ಜಗಳ ಮಾಡಲು ಸಾಧ್ಯವಾಯಿತು. ನಮ್ಮ ಜಿಲ್ಲೆಯಲ್ಲಿ ಹೋದ ವರ್ಷ ಪಾಠ ಮಾಡುತ್ತಿದ್ದು ಈ ವರ್ಷ ಮಾಡದವರು ಎಷ್ಟು ಜನ ಎಂದು ಕೇಳಿದರೆ ಯಾರ ಬಾಯಿಂದಲೂ ಉತ್ತರ ಬರುವುದಿಲ್ಲ.

ನಮ್ಮ ಅತಿಥಿ ಉಪನ್ಯಾಸಕರು ಸುಮ್ನೆ ಕೂತಿರಲಿಲ್ಲ. 2023ರ ನವೆಂಬರ್ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದರು. 2024ರ ಜನವರಿಯ ಆರಂಭದಲ್ಲಿ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕ್‌ವರೆಗೆ ಪಾದಯಾತ್ರೆ ಹೊರಟರು. ಆ ಬೆಳಿಗ್ಗೆ ನಾನೂ ಕ್ಯಾತ್ಸಂದ್ರಕ್ಕೆ ಹೋಗಿದ್ದೆ. ಚಳಿ ಇತ್ತು. ಹೆದ್ದಾರಿಯ ಪಕ್ಕದಲ್ಲಿ ಸಾಲಾಗಿ ನಡೆದು ಹೋಗುತ್ತಿದ್ದರು. ಬ್ಯಾನರ್ ಹಿಡಿದವರಲ್ಲಿ ಬೀದರ್, ರಾಯಚೂರಿನ ಕಡೆಯ ಮಾತು ಕೇಳಿಸಿತು. ಒಬ್ಬ ಹೆಣ್ಣುಮಗಳು ಪುಟ್ಟ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದೇನೆ ಎಂದಳು. ಅವಳು ಕನ್ನಡದಲ್ಲಿ ಪಿಎಚ್‌ಡಿ ಮಾಡಿದವಳು. ಚಪ್ಪಲಿ ಕಿತ್ತುಹೋಗಿ, ಕ್ಯಾತ್ಸಂದ್ರದ ಅಂಗಡಿಯಲ್ಲಿ ಹೊಸದು ಕೊಳ್ಳಲು ನಿಂತಿದ್ದಳು. ಅಂಗಡಿಯವರು ವಿಷಯ ಕೇಳಿ ದುಡ್ಡು ತೆಗೆದುಕೊಳ್ಳಲಿಲ್ಲ. "ನಮ್ಮ ಹುಡುಗನೂ ಸರ್ಕಾರಿ ಕಾಲೇಜಲ್ಲೇ ಓದಿದ್ದು ಕಣಮ್ಮ" ಎಂದರು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಆ ಹೋರಾಟದಿಂದ ಏನೂ ಸಿಗಲಿಲ್ಲ ಎಂದಲ್ಲ. ಅನುಭವದ ಮೇಲೆ 5ರಿಂದ 8 ಸಾವಿರ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷ ತುಂಬಿ ಬಿಡುವಾಗ 5 ಲಕ್ಷ ಇಡುಗಂಟು ಎಂದು ಸರ್ಕಾರ ಘೋಷಿಸಿತು. ಕೇಳಿದ್ದು ಸೇವಾ ಭದ್ರತೆ. ಅದು ಸಿಗಲಿಲ್ಲ. ಅದು ಸಿಕ್ಕಿದ್ದರೆ ನಮ್ಮ ಮೇಷ್ಟ್ರು ಇವತ್ತು ಗೋದಾಮಿನಲ್ಲಿ ಇರುತ್ತಿರಲಿಲ್ಲ. ಅರವತ್ತರವರೆಗೆ ಕೆಲಸದಲ್ಲಿ ಉಳಿಯುವ ಖಾತ್ರಿಯೇ ಇಲ್ಲದವರಿಗೆ ಅರವತ್ತರ ಇಡುಗಂಟಿನಿಂದ ಏನು ಪ್ರಯೋಜನ ಹೇಳಿ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಡಿಗ್ರಿ ಕಾಲೇಜಿಗೆ ಬರುವವರು ಯಾರು ಅಂತ ತುಮಕೂರಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತರೆ ಗೊತ್ತಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡಿಲ್ಲ ಎಂದು ಓದು ಬಿಡುತ್ತಿದ್ದ ಹುಡುಗಿಯರು ಕಾಲೇಜಿಗೆ ಬಂದರು. ನನ್ನ ಕೊನೆಯ ಬ್ಯಾಚಿನಲ್ಲೇ ಅಂಥವರಿದ್ದರು. ತೋಟದ ಕೂಲಿಗೆ ಹೋಗುವ ಅಮ್ಮಂದಿರ ಮಕ್ಕಳು, ಬೆಳಿಗ್ಗೆ ಅಡುಗೆ ಮುಗಿಸಿ ಬರುವವರು. ಅವರು ಊರಿಂದ ಎರಡು ಬಸ್ ಬದಲಿಸಿ ಬಂದು ಕೂರುತ್ತಾರೆ, ತರಗತಿಗೆ ಮೇಷ್ಟ್ರು ಇರುವುದಿಲ್ಲ. ಈ ಸಾಲಿನಲ್ಲಿ ಅತಿಥಿ ಉಪನ್ಯಾಸಕರ ಆಯ್ಕೆ ಮುಗಿಯುವವರೆಗೆ ನಮ್ಮ ಕಾಲೇಜಿನಲ್ಲಿ ವಾರಗಟ್ಟಲೆ ಇತಿಹಾಸದ ಪಾಠವೇ ನಡೆಯಲಿಲ್ಲ. ಸೆಮಿಸ್ಟರ್ ಪರೀಕ್ಷೆ ಮಾತ್ರ ತಪ್ಪದೆ ಬಂತು. ಒಬ್ಬಳು ನನ್ನ ಮನೆಗೇ ಬಂದು, "ಮೇಡಂ, ಪಾಠನೇ ಆಗಿಲ್ಲ, ಏನು ಬರೀಲಿ?" ಎಂದು ಕೇಳಿದಳು. ಗೋದಾಮಿನ ಕೆಲಸ ಮುಗಿಸಿ ಮೇಷ್ಟ್ರು ಒಂದಷ್ಟು ಸಂಜೆ ಫೋನಿನಲ್ಲಿ ಅವರಿಗೆಲ್ಲ ಪಾಠ ಮಾಡಿದರು, ಒಂದು ಪೈಸೆ ತೆಗೆದುಕೊಳ್ಳದೆ. ಖಾಸಗಿ ಕಾಲೇಜಿಗೆ ಹೋಗುವ ಶಕ್ತಿ ಇರುವವರು ಹೀಗೆ ಕಾಯುವುದಿಲ್ಲ. ಬೇರೆ ದಾರಿ ಇಲ್ಲದ ಮಕ್ಕಳ ತರಗತಿಯಿಂದಲೇ ಈ ಉಳಿತಾಯ ಬರುತ್ತಿದೆ. ಮುಂದಿನ ವರ್ಷ ಪಾಠ ಸರಿಯಾಗಿ ಆಗಲ್ಲ ಎಂದು ಗೊತ್ತಾದ ಊರಿನವರು ಮಗಳನ್ನು ಕಾಲೇಜಿಗೆ ಸೇರಿಸುವುದಿಲ್ಲ. ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿಯಿತು ಎಂದು ಗಂಟೆ ಇಳಿಸುತ್ತಾರೆ.

ನನ್ನ ಹುದ್ದೆಯೂ ಈಗ ಖಾಲಿ. ನಾನು ಬಿಟ್ಟ ದಿನದಿಂದ ಅಲ್ಲಿ ಕಾಯಂ ಆಗಿ ಯಾರೂ ಬಂದಿಲ್ಲ.

ನೀವು ಮಾಡಬಹುದಾದ ಒಂದು ಕೆಲಸ ಇದೆ. ನಿಮ್ಮ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಹೋದ ವರ್ಷ ಇದ್ದು ಈ ವರ್ಷ ಇಲ್ಲದ ಅತಿಥಿ ಉಪನ್ಯಾಸಕರು ವಿಷಯವಾರು ಎಷ್ಟು, ತರಗತಿ ಶುರುವಾದ ದಿನ ಯಾವುದು ಮತ್ತು ಅತಿಥಿ ಉಪನ್ಯಾಸಕರು ಕೆಲಸಕ್ಕೆ ಬಂದ ದಿನ ಯಾವುದು. ಇಷ್ಟನ್ನು ಬೇರೆ ಬೇರೆ ಪ್ರಶ್ನೆಯಾಗಿ ಬರೆಯಿರಿ, ಒಟ್ಟಿಗೆ ಬರೆದರೆ ಅರ್ಧಕ್ಕೆ ಮಾತ್ರ ಉತ್ತರ ಬರುವುದುಂಟು. ಕಾರಣ ಏನು ಎಂದು ಕೇಳಬೇಡಿ, ದಾಖಲೆಯಲ್ಲಿ ಇರುವುದನ್ನು ಮಾತ್ರ ಕೇಳಿ. ನಮ್ಮ ಕಾಲೇಜಿಗೆ ನಾನು ಈ ಅರ್ಜಿ ಹಾಕಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ತಿಪಟೂರು, ಕುಣಿಗಲ್, ಕೊರಟಗೆರೆ ಕಡೆಯವರು ಯಾರಾದರೂ ಹಾಕಿದರೆ ನಿಮಗೆ ಬಂದ ಉತ್ತರವನ್ನೂ ಕಳಿಸಿ. ಹತ್ತೂ ತಾಲ್ಲೂಕಿನದು ಸೇರಿಸಿ ಒಂದು ಪಟ್ಟಿ ಮಾಡೋಣ.